ಚುಕ್ಕಿ ತಪ್ಪಿದರೆ ಸಾಲು ಮಾಯ

‘ವಿಐ’ ಎಂಬ ಹಳೆಯ ಟೆಕ್ಸ್ಟ್ ಎಡಿಟರ್‌ನಲ್ಲಿ ಒಂದು ಸಾಲನ್ನು ಅಳಿಸಬೇಕಾದರೆ ‘ಡಿ’ ಅಕ್ಷರವನ್ನು ಎರಡು ಸಲ ಒತ್ತಬೇಕು. ಅದೇ ಎಡಿಟರ್‌ನಲ್ಲಿ ಪೂರ್ಣವಿರಾಮದ ಕೀಲಿಗೂ ಒಂದು ಕೆಲಸವಿದೆ: ಈಗಷ್ಟೇ ಮಾಡಿದ್ದನ್ನು ಇನ್ನೊಮ್ಮೆ ಮಾಡು ಎಂಬ ಆಜ್ಞೆ ಅದು. ಕೈಪಿಡಿಯೊಂದರಲ್ಲಿ ಹೀಗೆ ಅಚ್ಚಾಗಿದೆ ಎಂದುಕೊಳ್ಳಿ: ಸಾಲನ್ನು ಅಳಿಸಲು ಒತ್ತಿ “ಡಿಡಿ.” ವಾಕ್ಯದ ಕೊನೆಯ ಚುಕ್ಕಿ ಉದ್ಧರಣ ಚಿಹ್ನೆಯ ಒಳಗೇ ಕೂರಬೇಕೆಂಬುದು ಅಮೆರಿಕದ ಮುದ್ರಣ ಸಂಪ್ರದಾಯ. ಅಚ್ಚುಮೊಳೆ ಜೋಡಿಸಿದವರು ಸಂಪ್ರದಾಯ ಪಾಲಿಸಿದ್ದಾರೆ. ಹೊಸಬ ಕಂಡದ್ದನ್ನು ಕಂಡ ಹಾಗೇ ಒತ್ತುತ್ತಾನೆ. ಒಂದು ಸಾಲು ಹೋಗಬೇಕಿದ್ದಲ್ಲಿ ಎರಡು ಸಾಲು ಹೋಗುತ್ತವೆ.

ಹ್ಯಾಕರ್‌ಗಳ ಆಡುಮಾತಿನ ಕೋಶವಾದ ‘ಜಾರ್ಗನ್ ಫೈಲ್’ ತನ್ನ ಬರವಣಿಗೆ ಶೈಲಿಯ ಭಾಗದಲ್ಲಿ ಈ ಉದಾಹರಣೆಯನ್ನೇ ಕೊಟ್ಟು, ಪ್ರೋಗ್ರಾಮರ್‌ಗಳು ಚುಕ್ಕಿಯನ್ನು ಉದ್ಧರಣದ ಹೊರಗೆ ಯಾಕೆ ಇಡುತ್ತಾರೆ ಎಂದು ವಿವರಿಸುತ್ತದೆ. ಮುಂದೆ ಆ ರೂಢಿ ಲಿಖಿತ ನಿಯಮವೂ ಆಯಿತು. ಇಂಟರ್ನೆಟ್ಟಿನ ತಾಂತ್ರಿಕ ಒಪ್ಪಂದಗಳಾದ ಆರ್‌ಎಫ್‌ಸಿಗಳಿಗೆ 2014ರಲ್ಲಿ ಬಂದ ಶೈಲಿ ಕೈಪಿಡಿ, ಇದ್ದದ್ದನ್ನು ಇದ್ದ ಹಾಗೆಯೇ ಟೈಪಿಸಬೇಕಾದ ಪಠ್ಯದ ಉದ್ಧರಣದೊಳಗೆ ಚುಕ್ಕಿ, ಅಲ್ಪವಿರಾಮ ನುಗ್ಗಬಾರದು ಎನ್ನುತ್ತದೆ. ಕ್ಲೌಡ್ ಲೋಕದ ಕುಬರ್ನೆಟಿಸ್ ಯೋಜನೆಯ ಬರವಣಿಗೆ ಮಾರ್ಗಸೂಚಿಯಲ್ಲೂ ಇದೇ ಮಾತಿದೆ, ಸರಿ–ತಪ್ಪುಗಳ ಮಾದರಿ ಸಮೇತ.

ಕಾದಂಬರಿಯಲ್ಲಿ ಒಂದು ಚುಕ್ಕಿಯನ್ನು ಓದುವುದು ಮನುಷ್ಯ ಮಾತ್ರ. ತಪ್ಪಿದ್ದರೆ ತಾನೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಾನೆ. ಸಾಫ್ಟ್‌ವೇರ್ ಕೈಪಿಡಿಯ ಚುಕ್ಕಿಗೆ ನಾಲ್ಕು ಬಗೆಯ ಓದುಗರು. ಮೊದಲನೆಯದು ಮನುಷ್ಯ. ಎರಡನೆಯದು, ಅವನು ಅಲ್ಲಿಂದ ಆಜ್ಞೆಯನ್ನು ನಕಲಿಸಿ ಅಂಟಿಸುವ ಕಿಟಕಿಯಾದ ಟರ್ಮಿನಲ್. ಮೂರನೆಯದು, ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್. ನಾಲ್ಕನೆಯವರು, ಆ ಸಾಲನ್ನು ಕನ್ನಡಕ್ಕೋ ಜಪಾನಿಗೋ ತರುವ ಅನುವಾದಕರು. ಈ ನಾಲ್ವರಲ್ಲಿ ಒಬ್ಬರಿಗೆ ಒಳ್ಳೆಯದಾದದ್ದು ಇನ್ನೊಬ್ಬರಿಗೆ ಕೆಡುಕಾಗಬಹುದು. ವಿರಾಮ ಚಿಹ್ನೆ ತಿದ್ದುವ ಕೆಲಸವನ್ನು ಓಪನ್ ಸೋರ್ಸ್ ಲೋಕ ಒಮ್ಮೆ ಕೈಚಾಚಿ ಸ್ವಾಗತಿಸುವುದು, ಮತ್ತೊಮ್ಮೆ ಮುಖ ಸಿಂಡರಿಸುವುದು ಇದೇ ಕಾರಣಕ್ಕೆ.

ಅಡ್ಡಗೆರೆಯಿಂದ ಶುರು ಮಾಡೋಣ. ನೋಡಲು ಒಂದೇ ಥರ ಇರುವ ಗೆರೆಗಳು ಯುನಿಕೋಡ್‌ನಲ್ಲಿ ಹಲವಾರಿವೆ: ಪದಗಳನ್ನು ಜೋಡಿಸುವ ಹೈಫನ್, 1990–95 ಎಂಬಲ್ಲಿ ಬರುವ ಎನ್ ಡ್ಯಾಶ್, ಮಾತಿನ ನಡುವೆ ತಡೆದು ನಿಲ್ಲುವ ಎಮ್ ಡ್ಯಾಶ್, ಗಣಿತದ ಮೈನಸ್. 1963ರಲ್ಲಿ ಆಸ್ಕಿ ಸಂಕೇತ ಪಟ್ಟಿ ರೂಪುಗೊಂಡಾಗ ಇವೆಲ್ಲಕ್ಕೂ ಸೇರಿ ಒಂದೇ ಗೆರೆ ಸಿಕ್ಕಿತು. ಟೈಪ್‌ರೈಟರ್ ಕೀಲಿಮಣೆಯಲ್ಲೂ ಇದ್ದದ್ದು ಒಂದೇ. ಯುನಿಕ್ಸ್, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಳ ಆಜ್ಞೆಗಳೆಲ್ಲ ಗುರುತಿಸುವುದು ಆ ಒಂದು ಬಡಗೆರೆಯನ್ನೇ. ಆದರೆ ಪುಟವನ್ನು ಚೆಂದಗಾಣಿಸುವ ಪ್ರೋಗ್ರಾಮುಗಳಿಗೆ ಅದು ಕಣ್ಣಿಗೆ ಚುಚ್ಚುತ್ತದೆ. ಪೈಥಾನ್ ಕೈಪಿಡಿಗಳನ್ನು ಕಟ್ಟುವ ‘ಸ್ಫಿಂಕ್ಸ್’, ಒಂದು ರೂಪದ ಬರಹವನ್ನು ಮತ್ತೊಂದಕ್ಕೆ ಪರಿವರ್ತಿಸುವ ‘ಪ್ಯಾನ್‌ಡಾಕ್’ ಮುಂತಾದ ಸಲಕರಣೆಗಳು, ಸಾದಾ ವಾಕ್ಯದಲ್ಲಿ ಎರಡು ಗೆರೆ ಅಕ್ಕಪಕ್ಕ ಕಂಡರೆ ಅದನ್ನು ಒಂದೇ ನೀಳ ಎನ್ ಡ್ಯಾಶ್ ಮಾಡಬಲ್ಲವು, ಮೂರು ಕಂಡರೆ ಎಮ್ ಡ್ಯಾಶ್. ‘--ಹೆಲ್ಪ್’ ಎಂದು ಬರೆದವರು ಅದನ್ನು ಕೋಡ್ ಎಂದು ಗುರುತು ಮಾಡಲು ಮರೆತಿದ್ದರೆ ಪುಟದಲ್ಲಿ ಮೂಡುವುದು ‘–ಹೆಲ್ಪ್’. ಓದುಗ ನಕಲಿಸಿ ಅಂಟಿಸುತ್ತಾನೆ. ಕಂಪ್ಯೂಟರ್‌ಗೆ ಆ ಗೆರೆಯ ಪರಿಚಯವೇ ಇಲ್ಲ.

2023ರ ಜುಲೈನಲ್ಲಿ ಈ ಗೆರೆಯ ಜಗಳ ಬೀದಿಗೆ ಬಂತು. ಲಿನಕ್ಸ್‌ನ ಮ್ಯಾನ್ ಪೇಜುಗಳನ್ನು, ಅಂದರೆ ಪ್ರತಿ ಆಜ್ಞೆಗೂ ಇರುವ ಕೈಪಿಡಿ ಪುಟಗಳನ್ನು, ಪರದೆಗೆ ಹೊಂದಿಸಿಕೊಡುವುದು ‘ಗ್ರಾಫ್’ ಎಂಬ ಪ್ರೋಗ್ರಾಮ್. ಅದರ ಮೂಲ ಬರಹದಲ್ಲಿ ಬರಿಯ ಗೆರೆ ಹಾಕಿದರೆ ಹೈಫನ್ ಎಂದರ್ಥ. ಹಿಂದೆ ಒಂದು ಓರೆಗೆರೆ ಸೇರಿಸಿದರೆ ಮಾತ್ರ ಆಜ್ಞೆಯಲ್ಲಿ ಬಳಸುವ ಮೈನಸ್. ನಿಯಮ ದಶಕಗಳಷ್ಟು ಹಳೆಯದಾದರೂ ಪಾಲಿಸದವರೇ ಹೆಚ್ಚು, ಯಾಕೆಂದರೆ ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತಿದ್ದವು. ಗ್ರಾಫ್‌ನ 1.23 ಆವೃತ್ತಿ ನಿಯಮವನ್ನು ಅಕ್ಷರಶಃ ಜಾರಿ ಮಾಡಿತು. ಬರಿಯ ಗೆರೆಗಳೆಲ್ಲ ನಿಜವಾದ ಹೈಫನ್ ಆಗಿ ಮೂಡಿದವು. ಪುಟದೊಳಗೆ ಆಯ್ಕೆಯ ಹೆಸರು ಕೊಟ್ಟು ಹುಡುಕಿದರೆ ಸಿಗದಾಯಿತು, ನಕಲಿಸಿದ ಆಜ್ಞೆ ಓಡದಾಯಿತು.

ತಪ್ಪು ಯಾರದು? ಗ್ರಾಫ್ ನಿರ್ವಾಹಕರ ವಾದ ಸರಳ: ಕೈಪಿಡಿ ಬರೆದವರು ಓರೆಗೆರೆ ಸೇರಿಸಿ ತಿದ್ದಿಕೊಳ್ಳಲಿ. ಆದರೆ ತಿದ್ದಬೇಕಾದ ಪುಟಗಳು ಸಾವಿರಗಟ್ಟಲೆ. ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು ಕೊನೆಗೆ ತಮ್ಮ ಮಟ್ಟದಲ್ಲಿ ಒಂದು ಸಣ್ಣ ಹೊಂದಾಣಿಕೆ ಸೇರಿಸಿ ಹಳೆಯ ಬಡಗೆರೆಯನ್ನೇ ವಾಪಸು ತಂದವು. ಸ್ವಾರಸ್ಯವೆಂದರೆ ಡೆಬಿಯನ್‌ನ ಗುಣಮಟ್ಟ ಪರೀಕ್ಷಕ ಪ್ರೋಗ್ರಾಮ್ ‘ಲಿಂಟಿಯನ್’, ಮೈನಸ್ ಇರಬೇಕಾದ ಕಡೆ ಹೈಫನ್ ಬಂದಿದೆ ಎಂದು ಅದಕ್ಕೂ ಬಹಳ ಹಿಂದೆಯೇ ಎಚ್ಚರಿಕೆ ಕೊಡುತ್ತಿತ್ತು.

ಉದ್ಧರಣ ಚಿಹ್ನೆಯ ಕಥೆಯೂ ಇಂಥದ್ದೇ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ‘ಗಿಟ್’ ಬಳಸುವವರು ದಿನಕ್ಕೆ ಹತ್ತು ಸಲ ಬರೆಯುವ ಆಜ್ಞೆ ಕಮಿಟ್. ಅದರ ಜೊತೆ ಕೊಡುವ ಟಿಪ್ಪಣಿ ನೇರ ಉದ್ಧರಣ ಚಿಹ್ನೆಯ ನಡುವೆ ಇರಬೇಕು. ಯಾವುದೋ ಪುಟ ಆ ನೇರ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸಿದ್ದರೆ, ಆಜ್ಞೆಗಳನ್ನು ಓದಿ ಓಡಿಸುವ ಶೆಲ್‌ಗೆ ಅದು ಉದ್ಧರಣವಾಗಿ ಕಾಣುವುದಿಲ್ಲ, ಸಾಮಾನ್ಯ ಅಕ್ಷರದಂತೆ ಕಾಣುತ್ತದೆ. ಟಿಪ್ಪಣಿಯಲ್ಲಿ ಮೂರು ಪದ ಇದ್ದರೆ ಮೊದಲ ಪದ ಮಾತ್ರ ಟಿಪ್ಪಣಿಯಾಗುತ್ತದೆ. ಉಳಿದೆರಡನ್ನು ಗಿಟ್ ಫೈಲಿನ ಹೆಸರೆಂದು ತಿಳಿದು, ಅಂಥ ಫೈಲ್ ಇಲ್ಲ ಎಂದು ದೂರುತ್ತದೆ. ಬಳಕೆದಾರ ಫೈಲ್ ಹುಡುಕುತ್ತಾ ಕೂರುತ್ತಾನೆ. ಕಣ್ಣಿಗೇ ಕಾಣದ ಚಿಹ್ನೆಗಳ ಕಾಟ ಇನ್ನೂ ಹೆಚ್ಚು. ಸಾಲು ಒಡೆಯದಿರಲೆಂದು ಪದಗಳ ನಡುವೆ ಹಾಕುವ ‘ಮುರಿಯದ ಖಾಲಿ ಜಾಗ’ ಪರದೆಯಲ್ಲಿ ಮಾಮೂಲಿ ಜಾಗದಂತೆಯೇ ಇರುತ್ತದೆ. ಶೆಲ್ ಮಾತ್ರ ಅದನ್ನು ಪದದ ಭಾಗವಾಗಿಯೇ ಓದಿ, ಇಂಥ ಆಜ್ಞೆಯೇ ಇಲ್ಲ ಎನ್ನುತ್ತದೆ.

ಹಾಗಾದರೆ ಎಲ್ಲ ಕಡೆ ನೇರ ಚಿಹ್ನೆಯನ್ನೇ ಇಟ್ಟರಾಯಿತಲ್ಲ? ಅದೂ ಅಷ್ಟು ಸುಲಭವಿಲ್ಲ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನ ವಿನ್ಯಾಸ ಮಾರ್ಗಸೂಚಿ, ಮೆನು ಮತ್ತು ಸಂದೇಶಗಳಲ್ಲಿ ಬಾಗಿದ ಉದ್ಧರಣ ಚಿಹ್ನೆಯೇ ಬೇಕು, ಮೂರು ಬಿಡಿ ಚುಕ್ಕಿಗಳ ಬದಲು ಒಂದೇ ಅಕ್ಷರವಾದ ‘…’ ಬೇಕು ಎನ್ನುತ್ತದೆ. ಅಲ್ಲಿ ಓದುವುದು ಮನುಷ್ಯ, ಅವನಿಗೆ ಚೆಂದ ಮುಖ್ಯ. ಮುಕ್ತ ಸಾಫ್ಟ್‌ವೇರ್‌ನ ಗ್ನೂ ಯೋಜನೆಯ ಕೋಡಿಂಗ್ ನಿಯಮಗಳಂತೂ ಈ ವಿಷಯದಲ್ಲಿ ಮನಸ್ಸನ್ನೇ ಬದಲಿಸಿವೆ. ಆರಂಭದ ಉದ್ಧರಣಕ್ಕೆ ಹಿಂದಕ್ಕೆ ವಾಲಿದ ಗೆರೆ, ಕೊನೆಗೆ ನೇರ ಅಪಾಸ್ಟ್ರಫಿ ಹಾಕುವುದು ಅಲ್ಲಿನ ಹಳೆಯ ಪದ್ಧತಿ. ಹಳೆಯ ಟರ್ಮಿನಲ್‌ಗಳಲ್ಲಿ ಅವೆರಡೂ ಎಡ–ಬಲ ಜೋಡಿಯಂತೆ ಕಾಣುತ್ತಿದ್ದವು. ಹೊಸ ಫಾಂಟ್‌ಗಳಲ್ಲಿ ಒಂದು ಓರೆ, ಒಂದು ನೇರವಾಗಿ ಅಂದಗೆಟ್ಟಾಗ, ಎರಡೂ ಬದಿಗೆ ಒಂದೇ ನೇರ ಚಿಹ್ನೆ ಇರಲಿ ಎಂದು ನಿಯಮ ತಿದ್ದಲಾಯಿತು.

ಇನ್ನು ಸಂಕ್ಷೇಪಗಳ ಸರದಿ. ಇಂಗ್ಲಿಷ್ ಕೈಪಿಡಿಗಳಲ್ಲಿ ಮತ್ತೆ ಮತ್ತೆ ತಿದ್ದುಪಡಿಗೆ ಸಿಗುವವು ಲ್ಯಾಟಿನ್ ಮೂಲದ ಎರಡು ಪುಟ್ಟ ರೂಪಗಳು: ಇ.ಜಿ. ಮತ್ತು ಐ.ಇ. ಮೊದಲನೆಯದಕ್ಕೆ ‘ಉದಾಹರಣೆಗೆ’ ಎಂದರ್ಥ, ಎರಡನೆಯದಕ್ಕೆ ‘ಅಂದರೆ’ ಎಂದು. ಅನುಭವಿ ಪ್ರೋಗ್ರಾಮರ್‌ಗಳೂ ಇವೆರಡನ್ನು ಅದಲುಬದಲು ಮಾಡುತ್ತಾರೆ. ‘ಪಠ್ಯರೂಪದ ಫೈಲ್‌ಗಳನ್ನು, ಉದಾಹರಣೆಗೆ ಜೇಸನ್ ಮತ್ತು ಯಾಮಲ್, ಈ ಪ್ರೋಗ್ರಾಮ್ ಓದುತ್ತದೆ’ ಎನ್ನುವುದಕ್ಕೂ, ‘ಪಠ್ಯರೂಪದ ಫೈಲ್‌ಗಳನ್ನು, ಅಂದರೆ ಜೇಸನ್ ಮತ್ತು ಯಾಮಲ್, ಓದುತ್ತದೆ’ ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಮೂರನೇ ಬಗೆಗೆ ಅವಕಾಶವಿದೆ, ಎರಡನೆಯದರಲ್ಲಿ ಬಾಗಿಲು ಮುಚ್ಚಿದೆ. ಎರಡೇ ಅಕ್ಷರ, ಎರಡು ಚುಕ್ಕಿ; ಅದರ ಮೇಲೆ ಒಬ್ಬ ಎಂಜಿನಿಯರ್‌ನ ಒಂದು ದಿನದ ಕೆಲಸ ನಿಂತಿರುತ್ತದೆ.

ಗೂಗಲ್‌ನ ಡೆವಲಪರ್ ಬರವಣಿಗೆ ಮಾರ್ಗಸೂಚಿ, ಮೈಕ್ರೋಸಾಫ್ಟ್‌ನ ಶೈಲಿ ಕೈಪಿಡಿ ಎರಡೂ ಈ ಲ್ಯಾಟಿನ್ ರೂಪಗಳ ಸಹವಾಸವೇ ಬೇಡ, ಬಿಡಿಸಿ ಬರೆಯಿರಿ ಎನ್ನುತ್ತವೆ. ಕುಬರ್ನೆಟಿಸ್ ಕೂಡ ಅದನ್ನೇ ಹೇಳಿ, ‘ಇತ್ಯಾದಿ’ಯ ಸಂಕ್ಷೇಪಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ಬ್ರಿಟನ್ ಸರ್ಕಾರದ ಜಾಲತಾಣ ವ್ಯವಸ್ಥೆ 2016ರಲ್ಲಿ ಇವನ್ನು ಕೈಬಿಡಲು ಕೊಟ್ಟ ಕಾರಣ ಇನ್ನೂ ಸ್ಪಷ್ಟವಾದದ್ದು. ಕೆಲವು ಸ್ಕ್ರೀನ್ ರೀಡರ್‌ಗಳು ಚುಕ್ಕಿಯಿಲ್ಲದ ಇಜಿಯನ್ನು ಒಂದೇ ಪದವೆಂದು ತಿಳಿದು ‘ಎಗ್’ ಎಂದು ಓದುತ್ತಿದ್ದವು. ತೆರಿಗೆ ನಿಯಮವನ್ನು ಕೇಳಿಸಿಕೊಳ್ಳುತ್ತಿದ್ದವರಿಗೆ ನಡುವೆ ಮೊಟ್ಟೆ ಒಡೆದ ಹಾಗೆ!

ಸಂಕ್ಷೇಪದ ಕೊನೆಯ ಚುಕ್ಕಿ ಯಂತ್ರಕ್ಕೂ ತಲೆನೋವು. ವಾಕ್ಯ ಮುಗಿದದ್ದಕ್ಕೆ ಹಾಕುವ ಚುಕ್ಕಿಯೂ ಅದೇ, ಡಾ. ಎಂಬಲ್ಲಿನ ಚುಕ್ಕಿಯೂ ಅದೇ. ಡೊನಾಲ್ಡ್ ಕ್ನೂತ್ ರೂಪಿಸಿದ ಅಕ್ಷರಜೋಡಣೆಯ ‘ಟೆಕ್’ ವ್ಯವಸ್ಥೆ ವಾಕ್ಯದ ನಂತರ ಸ್ವಲ್ಪ ಹೆಚ್ಚು ಜಾಗ ಬಿಡುತ್ತದೆ. ಹಾಗಾಗಿ ಸಂಕ್ಷೇಪದ ಚುಕ್ಕಿಯ ನಂತರ ‘ಇಲ್ಲಿ ವಾಕ್ಯ ಮುಗಿದಿಲ್ಲ’ ಎಂದು ಬರೆಯುವವರೇ ಸೂಚಿಸಬೇಕು. ಗ್ನೂ ಯೋಜನೆಯ ಕೈಪಿಡಿ ವ್ಯವಸ್ಥೆಯಾದ ‘ಟೆಕ್ಸ್‌ಇನ್ಫೊ’ದಲ್ಲಿ ಇದಕ್ಕೆಂದೇ ಎರಡು ಪ್ರತ್ಯೇಕ ಗುರುತುಗಳಿವೆ, ಒಂದು ವಾಕ್ಯ ಮುಗಿಯಿತು ಎನ್ನಲು, ಇನ್ನೊಂದು ಮುಗಿದಿಲ್ಲ ಎನ್ನಲು. ಈಮ್ಯಾಕ್ಸ್ ಎಡಿಟರ್ ಬೇರೆ ದಾರಿ ಹಿಡಿದಿದೆ. ಚುಕ್ಕಿಯ ನಂತರ ಎರಡು ಖಾಲಿ ಜಾಗ ಇದ್ದರೆ ವಾಕ್ಯ ಮುಗಿದಂತೆ, ಒಂದೇ ಇದ್ದರೆ ಸಂಕ್ಷೇಪ. ಗ್ನೂ ಕೋಡಿಂಗ್ ನಿಯಮಗಳು ಎರಡು ಜಾಗ ಬಿಡಿ ಎಂದು ಕೇಳಿಕೊಳ್ಳುವುದು ಈಮ್ಯಾಕ್ಸ್‌ನ ಅನುಕೂಲಕ್ಕಾಗಿಯೇ. ಇದು ತಿಳಿಯದ ಉತ್ಸಾಹಿಯೊಬ್ಬರು ‘ಹೆಚ್ಚುವರಿ ಜಾಗ ತೆಗೆದಿದ್ದೇನೆ’ ಎಂದು ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸಿದರೆ, ಅವರು ತೆಗೆದದ್ದು ಒಂದು ಅರ್ಥವನ್ನು.

ಅಳತೆಯ ಸಂಕ್ಷೇಪಗಳಲ್ಲಿ ಅಕ್ಷರದ ಗಾತ್ರವೇ ಅರ್ಥ. ಇಂಗ್ಲಿಷ್‌ನಲ್ಲಿ ‘ಎಂಬಿ’ಯ ಬಿ ಚಿಕ್ಕದಾದರೆ ಮೆಗಾಬಿಟ್, ದೊಡ್ಡದಾದರೆ ಮೆಗಾಬೈಟ್, ಎರಡರ ನಡುವೆ ಎಂಟು ಪಟ್ಟು ಅಂತರ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. ಸಾವಿರದ ಲೆಕ್ಕವೋ 1024ರ ಲೆಕ್ಕವೋ ಎಂಬುದು ಇನ್ನೊಂದು ಗೊಂದಲ. ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಎಂಬ ಹೊಸ ಹೆಸರುಗಳನ್ನೇ ಕೊಟ್ಟಿತು. ಹಾಗಿದ್ದೂ ಲಿನಕ್ಸ್ ತನ್ನ ಮೆಮೊರಿ ಲೆಕ್ಕ ತೋರಿಸುವ ಫೈಲಿನಲ್ಲಿ ಇಂದಿಗೂ ‘ಕೆಬಿ’ ಎಂದೇ ಬರೆಯುತ್ತದೆ, ಲೆಕ್ಕ ಮಾತ್ರ 1024ರದು. ಅದನ್ನು ತಿದ್ದುವ ಹಾಗಿಲ್ಲ. ಆ ಫೈಲನ್ನು ಓದುವ ಪ್ರೋಗ್ರಾಮುಗಳು ಅಸಂಖ್ಯ. ಎರಡಕ್ಷರ ಬದಲಾದರೆ ಅವುಗಳಲ್ಲಿ ಎಷ್ಟು ಮುಗ್ಗರಿಸುತ್ತವೋ ಹೇಳಲಾಗದು.

ತಿದ್ದಲಾಗದ ತಪ್ಪುಗಳ ಪಟ್ಟಿಯಲ್ಲಿ ಅಗ್ರಸ್ಥಾನ ‘ರೆಫರರ್’ಗೆ. ಬ್ರೌಸರ್ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಎಲ್ಲಿಂದ ಬಂದೆ ಎಂದು ತಿಳಿಸುವ ಸಾಲು ಅದು. 1990ರ ದಶಕದಲ್ಲಿ ಎಚ್‌ಟಿಟಿಪಿ ಒಪ್ಪಂದಕ್ಕೆ ಅದನ್ನು ಸೇರಿಸುವಾಗ ಇಂಗ್ಲಿಷ್ ಕಾಗುಣಿತದ ನಡುವಿನ ಒಂದು ‘ಆರ್’ ಬಿಟ್ಟುಹೋಯಿತು. 1996ರ ಆರ್‌ಎಫ್‌ಸಿಯಲ್ಲಿ ಅದೇ ತಪ್ಪು ಅಚ್ಚಾಗಿ ಶಾಶ್ವತವಾಯಿತು. ಮುಂದೆ ಬಂದ ‘ರೆಫರರ್ ಪಾಲಿಸಿ’ ಎಂಬ ಸಂಬಂಧಿ ಸಾಲಿನಲ್ಲಿ ಕಾಗುಣಿತ ಸರಿಯಾಗಿದೆ. ಹಾಗಾಗಿ ಒಂದೇ ಕೈಪಿಡಿಯ ಒಂದೇ ಪುಟದಲ್ಲಿ ತಪ್ಪು ರೂಪವೂ ಸರಿ ರೂಪವೂ ಅಕ್ಕಪಕ್ಕ ನಿಂತು, ಎರಡೂ ಸರಿಯಾಗಿರುತ್ತವೆ! ಯುನಿಕ್ಸ್‌ನಲ್ಲಿ ಫೈಲ್ ಸೃಷ್ಟಿಸಲು ಪ್ರೋಗ್ರಾಮುಗಳು ಬಳಸುವ ‘ಕ್ರಿಯೇಟ್’ ಎಂಬ ಸಿಸ್ಟಮ್ ಕಾಲ್‌ನ ಹೆಸರಿಗೂ ಇಂಗ್ಲಿಷ್‌ನ ಕೊನೆಯ ‘ಇ’ ಇಲ್ಲ. ಯುನಿಕ್ಸ್ ಮತ್ತೆ ಕಟ್ಟುವುದಾದರೆ ಏನು ಬದಲಿಸುತ್ತೀರಿ ಎಂದು ಕೇಳಿದಾಗ ಅದರ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಆ ‘ಇ’ಯನ್ನು ಸೇರಿಸುತ್ತೇನೆ ಎಂದದ್ದು ಕಂಪ್ಯೂಟರ್ ಲೋಕದ ಪ್ರಸಿದ್ಧ ಚಟಾಕಿ.

ಇಷ್ಟೆಲ್ಲ ಸೂಕ್ಷ್ಮವಿರುವ ಕೆಲಸವನ್ನು ಮಾಡುವವರು ಯಾರು? ಬಹುಪಾಲು ಸ್ವಯಂಸೇವಕರು. ಪ್ರೋಗ್ರಾಮರ್‌ಗಳ ನಡುವೆ ಇಂಥ ಸಣ್ಣ ಆಕ್ಷೇಪಕ್ಕೆ ‘ನಿಟ್’ ಎಂಬ ಹೆಸರಿದೆ, ಅಂದರೆ ಹೇನಿನ ಮೊಟ್ಟೆ. ಕನ್ನಡದಲ್ಲಿ ಮೊಸರಿನಲ್ಲಿ ಕಲ್ಲು ಹುಡುಕುವುದು ಎನ್ನುತ್ತೇವಲ್ಲ, ಅದೇ. ಹೆಸರು ಹಗುರವಾದರೂ ಸಲಕರಣೆಗಳು ಗಟ್ಟಿಯಾಗಿವೆ. ಲಿನಕ್ಸ್‌ನ ತಿರುಳಾದ ‘ಕರ್ನಲ್’ ತನ್ನ ಕೋಡ್ ಜೊತೆಗೇ ಒಂದು ಕಾಗುಣಿತ ಪಟ್ಟಿ ಇಟ್ಟುಕೊಂಡಿದೆ: ಎಡಕ್ಕೆ ತಪ್ಪು ರೂಪ, ಬಲಕ್ಕೆ ಸರಿ ರೂಪ, ಹೀಗೆ ಸಾವಿರಕ್ಕೂ ಹೆಚ್ಚು ಸಾಲು. ಅದರ ಮೂಲ ಲಿಂಟಿಯನ್‌ನ ಪಟ್ಟಿ. ‘ಕೋಡ್‌ಸ್ಪೆಲ್’ ಎಂಬ ಇನ್ನೊಂದು ಪ್ರೋಗ್ರಾಮ್ ವಿಕಿಪೀಡಿಯದ ಸಾಮಾನ್ಯ ಕಾಗುಣಿತ ತಪ್ಪುಗಳ ಪಟ್ಟಿಯಿಂದ ಬೆಳೆದದ್ದು. ‘ವೇಲ್’ ಎಂಬುದು ಗೂಗಲ್, ಮೈಕ್ರೋಸಾಫ್ಟ್ ಶೈಲಿ ನಿಯಮಗಳನ್ನೇ ಹಿಡಿದು ಲ್ಯಾಟಿನ್ ಸಂಕ್ಷೇಪ ಕಂಡಲ್ಲಿ ಎಚ್ಚರಿಸುತ್ತದೆ.

ಕರ್ನಲ್‌ನಲ್ಲಿ ಬಹುಕಾಲ ‘ಕ್ಷುಲ್ಲಕ ಪ್ಯಾಚ್’ಗಳಿಗೆಂದೇ ಪ್ರತ್ಯೇಕ ವಿಳಾಸ ಮತ್ತು ನಿರ್ವಾಹಕರಿದ್ದರು. ಏನೇನು ಕ್ಷುಲ್ಲಕ ಎಂಬ ಪಟ್ಟಿಯಲ್ಲಿ ಕೈಪಿಡಿಯ ಕಾಗುಣಿತ ದೋಷಗಳಿದ್ದವು. ಕೋಡಿನೊಳಗಿನ ಕಾಗುಣಿತವನ್ನು ಮಾತ್ರ, ಅದು ಹುಡುಕಾಟಕ್ಕೆ ಅಡ್ಡಿಯಾಗುವಂತಿದ್ದರೆ ತಿದ್ದಬಹುದು ಎಂಬ ಷರತ್ತಿತ್ತು. ಜಾಣ ಷರತ್ತು ಅದು. ತಪ್ಪಾಗಿ ಬರೆದ ಪದವನ್ನು ಸರಿಯಾಗಿ ಟೈಪಿಸಿ ಹುಡುಕಿದವರಿಗೆ ಅದು ಎಂದೂ ಸಿಗುವುದಿಲ್ಲವಲ್ಲ.

ಗಿಟ್ ಯೋಜನೆ ಇನ್ನೊಂದು ಬಗೆಯ ಎಚ್ಚರ ಹೇಳುತ್ತದೆ. ತಮ್ಮ ಕೈಪಿಡಿಗಳಲ್ಲಿ ಅಮೆರಿಕದ ಕಾಗುಣಿತವೂ ಬ್ರಿಟಿಷ್ ಕಾಗುಣಿತವೂ ಬೆರೆತಿರುವುದನ್ನು ಅದು ಮುಚ್ಚಿಡುವುದಿಲ್ಲ. ಆದರೆ ಅದನ್ನು ಸರಿಪಡಿಸಲೆಂದು ಎಲ್ಲ ಫೈಲ್‌ಗಳನ್ನೂ ಮುಟ್ಟುವ ಒಂದು ಬೃಹತ್ ಪ್ಯಾಚ್ ಬೇಡ, ಬೇರೆಯವರ ಬದಲಾವಣೆಗಳಿಗೆ ಡಿಕ್ಕಿ ಹೊಡೆಯುತ್ತದೆ, ಜೀರ್ಣವಾಗುವಷ್ಟು ಸಣ್ಣ ಸಣ್ಣ ತುತ್ತಾಗಿ ಕಳಿಸಿ ಎನ್ನುತ್ತದೆ. ಲಿನಕ್ಸ್ ಮ್ಯಾನ್ ಪೇಜ್ ಯೋಜನೆಯಲ್ಲಿ ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಶುರು ಮಾಡಬೇಕೆಂಬ ನಿಯಮವಿದೆ. ಬ್ರಯಾನ್ ಕರ್ನಿಗನ್ 1974ರಲ್ಲೇ ಯುನಿಕ್ಸ್ ಹೊಸಬರಿಗೆ ಕೊಟ್ಟ ಸಲಹೆ ಅದು. ಅಲ್ಪವಿರಾಮವೊಂದನ್ನು ತಿದ್ದಿದರೆ ಒಂದೇ ಸಾಲು ಬದಲಾಗುತ್ತದೆ, ಪರಿಶೀಲಿಸುವವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಇಡೀ ಪ್ಯಾರಾವನ್ನು ಮರುಜೋಡಿಸಿದರೆ ಎಂಟು ಸಾಲು ಬದಲಾಗಿ, ಅದರೊಳಗೆ ಆ ಅಲ್ಪವಿರಾಮ ಕಳೆದೇಹೋಗುತ್ತದೆ.

ಪರಿಶೀಲಕರ ಸಮಯದ ಬೆಲೆ ಏನೆಂದು 2020ರ ಅಕ್ಟೋಬರ್ ತೋರಿಸಿತು. ಡಿಜಿಟಲ್ ಓಷನ್ ಕಂಪನಿ 2014ರಿಂದ ನಡೆಸುತ್ತಿರುವ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಓಪನ್ ಸೋರ್ಸ್ ಅಭಿಯಾನದಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಆ ವರ್ಷ ಟೀ ಶರ್ಟ್ ಬಹುಮಾನವಿತ್ತು. ಅಕ್ಟೋಬರ್ ಹುಟ್ಟುತ್ತಿದ್ದಂತೆ ಹೆಸರಾಂತ ಯೋಜನೆಗಳಿಗೆಲ್ಲ ಅರ್ಥವಿಲ್ಲದ ತಿದ್ದುಪಡಿಗಳ ಮಳೆ ಸುರಿಯಿತು: ಶೀರ್ಷಿಕೆಯ ಮುಂದೆ ‘ಅದ್ಭುತ ಯೋಜನೆ’ ಎಂದು ಸೇರಿಸಿದ್ದು, ಸರಿಯಿದ್ದ ವಾಕ್ಯಕ್ಕೆ ಒಂದು ಗುಣವಾಚಕ ತುರುಕಿದ್ದು. ತಿದ್ದುಪಡಿ ಕಳಿಸುವುದು ಎಷ್ಟು ಸುಲಭ ಎಂದು ತೋರಿಸಿದ ಭಾರತದ ಯೂಟ್ಯೂಬ್ ಪಾಠವೊಂದನ್ನು ಅನುಕರಿಸಿದ ವಿದ್ಯಾರ್ಥಿಗಳ ಪಾಲೂ ಅದರಲ್ಲಿ ದೊಡ್ಡದಿತ್ತು. ನಿರ್ವಾಹಕರು ಸಿಟ್ಟಿಗೆದ್ದರು. ಕೆಲವೇ ದಿನಗಳಲ್ಲಿ ಸಂಘಟಕರು ನಿಯಮ ಬದಲಿಸಿ, ತಾವಾಗಿ ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅಭಿಯಾನ ಸೀಮಿತ ಎಂದರು. ಅದರ ಬಿಸಿ ನಿಜವಾದ ತಪ್ಪನ್ನು ನಿಜವಾಗಿ ತಿದ್ದುವ ಹೊಸಬರಿಗೂ ತಟ್ಟಿತು.

ಇದಕ್ಕೆ ತದ್ವಿರುದ್ಧ ಕ್ನೂತ್. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿದವರಿಗೆ, ಅಚ್ಚಿನ ತಪ್ಪೇ ಆಗಿರಲಿ, ಅವರು 2 ಡಾಲರ್ 56 ಸೆಂಟ್‌ನ ಚೆಕ್ ಕಳಿಸುತ್ತಿದ್ದರು. 256 ಸೆಂಟ್ ಎಂದರೆ ಹದಿನಾರರ ಎಣಿಕೆಯಲ್ಲಿ ಒಂದು ಡಾಲರ್. ಪಡೆದವರಲ್ಲಿ ಹೆಚ್ಚಿನವರು ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಚೆಕ್ ವಂಚನೆಯ ಭಯದಿಂದ 2008ರಲ್ಲಿ ಅವರು ನಿಜವಾದ ಚೆಕ್ ನಿಲ್ಲಿಸಿ ಕಾಲ್ಪನಿಕ ಬ್ಯಾಂಕೊಂದರ ಪ್ರಮಾಣಪತ್ರ ಕಳಿಸತೊಡಗಿದರು.

ಇಂಗ್ಲಿಷ್‌ನ ಈ ಚುಕ್ಕಿ–ಗೆರೆಗಳ ಗಲಾಟೆಗೂ ಕನ್ನಡಕ್ಕೂ ಏನು ಸಂಬಂಧ ಎನಿಸಬಹುದು. ಕೊಂಡಿ ಇರುವುದು ‘ಗೆಟ್‌ಟೆಕ್ಸ್ಟ್’ನಲ್ಲಿ. ಓಪನ್ ಸೋರ್ಸ್ ಪ್ರೋಗ್ರಾಮುಗಳ ಮೆನು, ಸಂದೇಶಗಳನ್ನು ಇತರ ಭಾಷೆಗೆ ತರುವ ಬಹುಬಳಕೆಯ ವ್ಯವಸ್ಥೆ ಇದು. ಇಲ್ಲಿ ಮೂಲ ಇಂಗ್ಲಿಷ್ ವಾಕ್ಯವೇ ಬೀಗದ ಕೈ. ಆ ವಾಕ್ಯಕ್ಕೆ ಕನ್ನಡ ಅನುವಾದ ಜೋಡಿಸಿಟ್ಟಿರುತ್ತದೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತ ಒಬ್ಬರು ಮೂಲದ ಮೂರು ಬಿಡಿ ಚುಕ್ಕಿಗಳನ್ನು ‘…’ ಮಾಡಿದರೆ, ಇಲ್ಲವೇ ಕೊನೆಯ ಪೂರ್ಣವಿರಾಮ ತೆಗೆದರೆ, ಬೀಗದ ಕೈ ಬದಲಾಗುತ್ತದೆ. ಕನ್ನಡದ ಸಾಲಿಗೆ ‘ಫಜ್ಜಿ’, ಅಂದರೆ ಸಂಶಯಾಸ್ಪದ, ಎಂಬ ಮುದ್ರೆ ಬೀಳುತ್ತದೆ. ಅನುವಾದಕರು ಬಂದು ನೋಡಿ ಒಪ್ಪುವ ತನಕ ಪ್ರೋಗ್ರಾಮ್ ಅದನ್ನು ತೋರಿಸದೆ ಇಂಗ್ಲಿಷನ್ನೇ ತೋರಿಸುತ್ತದೆ. ಅನುವಾದಕರ ಪಡೆ ದೊಡ್ಡದಿರುವ ಜರ್ಮನ್, ಫ್ರೆಂಚ್‌ಗಳಿಗೆ ಇದು ಸಂಜೆಯೊಳಗೆ ಮುಗಿಯುವ ಕೆಲಸ. ಬೆರಳೆಣಿಕೆಯ ಸ್ವಯಂಸೇವಕರಿರುವ ಭಾಷೆಯಲ್ಲಿ ಆ ಸಾಲು ಇಂಗ್ಲಿಷಾಗಿಯೇ ಉಳಿದುಬಿಡಬಹುದು. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್ ಯೋಜನೆಗಳು ಪ್ರತಿ ಬಿಡುಗಡೆಗೆ ಮುಂಚೆ ಕೆಲವು ವಾರ ಯಾವ ವಾಕ್ಯವನ್ನೂ ಮುಟ್ಟಬಾರದೆಂದು ‘ಸ್ಟ್ರಿಂಗ್ ಫ್ರೀಜ್’ ಘೋಷಿಸುವುದು ಅನುವಾದಕರಿಗೆ ಉಸಿರಾಡಲು ಬಿಡುವು ಸಿಗಲೆಂದು.

ಕನ್ನಡಕ್ಕೆ ಬಂದ ಮೇಲೂ ತಿದ್ದುವವರಿಗೆ ಬೇರೆಯದೇ ಲೆಕ್ಕಾಚಾರ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ಮೆಗಾಬಿಟ್ಟೂ ‘ಎಂಬಿ’, ಮೆಗಾಬೈಟೂ ‘ಎಂಬಿ’. ಆರ್‌ಎಫ್‌ಸಿಗಳಲ್ಲಿ ದೊಡ್ಡಕ್ಷರದಲ್ಲಿ ಬರೆದ ‘ಮಸ್ಟ್’ ಮಾತ್ರ ಕಟ್ಟಳೆ, ಚಿಕ್ಕಕ್ಷರದ್ದು ಸಾದಾ ಮಾತು ಎಂದು 2017ರಲ್ಲಿ ಸ್ಪಷ್ಟಪಡಿಸಲಾಯಿತು. ಕನ್ನಡದಲ್ಲಿ ಆ ವ್ಯತ್ಯಾಸವನ್ನು ಪದ ಬದಲಿಸಿಯೇ ತೋರಿಸಬೇಕು. ಹೀಗಾಗಿ ಕನ್ನಡ ಕೈಪಿಡಿಯಲ್ಲಿ ಸಂಕ್ಷೇಪವನ್ನು ಬಿಡಿಸಿ ಬರೆಯುವುದು ಅನಿವಾರ್ಯ.

ಕಾಣದ ಚಿಹ್ನೆಯೂ ನಮ್ಮಲ್ಲಿದೆ. ‘ಸಾಫ್ಟ್‌ವೇರ್’ ಎಂಬಲ್ಲಿ ‘ಟ್’ ಮತ್ತು ‘ವೇ’ ಒಂದರ ಕೆಳಗೊಂದು ಒತ್ತಾಗಿ ಬೆಸೆಯದಂತೆ ತಡೆಯುವುದು ಶೂನ್ಯ ಅಗಲದ ಒಂದು ತಡೆ ಅಕ್ಷರ. ಅದಿಲ್ಲದಿದ್ದರೆ ‘ಸಾಫ್ಟ್ವೇರ್’ ಆಗುತ್ತದೆ. ಓದುವವರಿಗೆ ಎರಡೂ ಒಂದೇ ಪದ. ಎರಡು ರೂಪಗಳನ್ನೂ ಒಂದೆಂದು ಅರಿಯದ ಹುಡುಕಾಟಕ್ಕೆ ಎರಡು ಬೇರೆ ಬೇರೆ ಪದ. ಒಂದೇ ಕೈಪಿಡಿಯಲ್ಲಿ ಎರಡೂ ರೂಪ ಇದ್ದರೆ ಹುಡುಕಿದವರಿಗೆ ಅರ್ಧ ಮಾತ್ರ ಸಿಗುತ್ತದೆ. ವಿಭಕ್ತಿ ಪ್ರತ್ಯಯದ ತೊಡಕು ಇನ್ನೊಂದು. ಫೈಲಿನ ಹೆಸರು ಬರಬೇಕಾದ ಕಡೆ ಪ್ರೋಗ್ರಾಮ್ ಖಾಲಿ ಜಾಗವೊಂದನ್ನು ಬಿಟ್ಟಿರುತ್ತದೆ. ಅಲ್ಲಿ ಯಾವ ಹೆಸರು ಬರುವುದೋ ತಿಳಿಯದೆ ‘ಅನ್ನು’, ‘ನ್ನು’, ‘ವನ್ನು’ಗಳಲ್ಲಿ ಯಾವುದನ್ನು ಅಂಟಿಸುವುದು? ಅದಕ್ಕೇ ಕನ್ನಡ ಮೆನುಗಳಲ್ಲಿ ಹೆಸರಿನಿಂದ ದೂರ ನಿಂತ ಒಂಟಿ ‘ಅನ್ನು’ ಪದೇಪದೇ ಕಾಣುತ್ತದೆ. ‘ಎಂಬ ಫೈಲನ್ನು’ ಎಂದು ನಡುವೆ ಒಂದು ಪದ ಸೇರಿಸಿದರೆ ತೊಡಕು ನೀಗುತ್ತದೆ.

ಇಂಥ ತಿದ್ದುಪಡಿಗೆ ಪ್ರೋಗ್ರಾಮಿಂಗ್ ಕಲಿತಿರಬೇಕಿಲ್ಲ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಗ್ನೋಮ್, ಕೆಡಿಇ ಎಲ್ಲದಕ್ಕೂ ಕನ್ನಡ ಅನುವಾದ ಇದೆ, ತಿದ್ದಲು ಬಾಗಿಲೂ ತೆರೆದಿದೆ. ಮುಂದಿನ ಸಲ ಅಂಥ ಪುಟದಲ್ಲಿ ಒಂಟಿ ‘ಅನ್ನು’ ಕಂಡರೆ, ನಕಲಿಸಿದ ಆಜ್ಞೆ ಓಡದಿದ್ದರೆ, ನಕ್ಕು ಮುಚ್ಚಬೇಡಿ. ಆ ಯೋಜನೆಯ ಶೈಲಿ ನಿಯಮವನ್ನು ಐದು ನಿಮಿಷ ಓದಿ, ಅದು ಕೋಡೋ ಮಾತೋ ಎಂದು ನೋಡಿಕೊಂಡು, ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಿ ಕಳಿಸಿ. ಯಾಕೆ ತಿದ್ದಿದಿರಿ ಎಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ. ಅದನ್ನು ಓದುವವರೂ ಸ್ವಯಂಸೇವಕರೇ.